ನಾಲ್ಕನೆಯ ಬೆರಳಿನ ಸ್ವರ

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿಗಳಿದ್ದವು. ಇನ್‌ಸ್ಪೆಕ್ಟರ್ ಮೊದಲು ನೋಡಿದ್ದು ಅದನ್ನೇ. ಗಾಬರಿಯೇನೋ ನಿಜ ಎಂದು ಆಕೆ ಅಲ್ಲೇ ತೀರ್ಮಾನಿಸಿದಳು. ಮಾತು ನಿಜವೋ ಅಲ್ಲವೋ ಆಮೇಲೆ ನೋಡಿದರಾಯಿತು.

"ಕೂತ್ಕೊಳಿ. ಏನಾಯ್ತು?"

"ನಮ್ಮನೆಯವರನ್ನ ಸ್ಟುಡಿಯೋದ ಒಳಕೋಣೇಲಿ ಹಾಕಿ ಚಿಲಕ ಜಡಿದಿದಾರೆ ಮೇಡಂ. ರಾತ್ರಿಯೆಲ್ಲ ಅಲ್ಲೇ ಇದ್ರು. ಉಬ್ಬಸದವರು."

"ಈಗೆಲ್ಲಿದಾರೆ?"

"ಆಸ್ಪತ್ರೇಲಿ. ನಾನು ನಮ್ಮಕ್ಕನ ಮನೆಯಿಂದ ಬೆಳಿಗ್ಗೆ ಬಂದು ಚಿಲಕ ತೆಗೆದೆ. ಇನ್ನೊಂದ್ ಗಂಟೆ ತಡವಾಗಿದ್ರೆ ಉಳೀತಿರ್ಲಿಲ್ಲ ಅಂದ್ರು ಡಾಕ್ಟರು."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನ್ ಬಂತು. ಆ ವೈರಣ್ಣನೇ. ಬುಧವಾರ ನನ್ನೆದುರಿಗೇ ಅಂದ, ನಿಮ್ಮನ್ನೇ ಒಳಗೆ ಹಾಕಿ ಚಿಲಕ ಜಡೀತೀನಿ, ಆಗ ಗೊತ್ತಾಗುತ್ತೆ ಅಂತ."

ಗಂಡನನ್ನು ಊರಿಗೆ ಊರೇ ಮಾಸ್ಟರ್ ಎನ್ನುತ್ತಿತ್ತು. ಸಾಬೂನಿನ ಜಾಹೀರಾತಿನಿಂದ ಹಿಡಿದು ದೊಡ್ಡ ನಾಟಕದವರೆಗೆ ಎಲ್ಲದಕ್ಕೂ ಅವನ ಕೀಬೋರ್ಡೇ ಬೇಕು. ವೈರಣ್ಣ ಆ ಸ್ಟುಡಿಯೋದ ಯಂತ್ರಗಳನ್ನು ನೋಡಿಕೊಳ್ಳುವವನು. ಅವನ ಹೆಸರು ವೈರಣ್ಣನಲ್ಲ, ಆದರೆ ಸದಾ ಹೆಗಲ ಮೇಲೆ ವೈರಿನ ಸುರುಳಿ ಹೊತ್ತು ತಿರುಗುವವನನ್ನು ಬೇರೆ ಏನೆಂದು ಕರೆಯುತ್ತಾರೆ?

"ಮನೇಲಿ ಇನ್ಯಾರಿದಾರೆ?"

"ನನ್ನ ನಾದಿನಿ ಒಬ್ಬಳು. ಪುಟ್ಟಿ ಅಂತ. ಅವಳು ಅಡಿಗೆಮನೆ ಬಿಟ್ಟು ಕೆಳಗಿಳಿಯೋದೇ ಇಲ್ಲ. ಸಂಗೀತದ ಗಂಧಗಾಳಿ ಇಲ್ಲ ಪಾಪ."

ಅಕ್ರಮ ಬಂಧನ, ಕೊಲೆಯತ್ನ ಎಂದು ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಟೋಪಿ ತೆಗೆದುಕೊಂಡು ಮುಖ್ಯಪೇದೆಯನ್ನು ಕರೆದಳು. ಆತ ಹಿಂದೆ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು, ಅದಕ್ಕೇ ಠಾಣೆಗೆಲ್ಲ ಪೀಪಿಯಣ್ಣ.

"ಸಂಗೀತದ ಕೇಸು ಮೇಡಂ. ನಿಮಗೆ ಹೆಂಗೆ?" ಎಂದ ಜೀಪಿನಲ್ಲಿ, ನಗು ತಡೆದುಕೊಂಡು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅದಕ್ಕೇ ನಿಮ್ಮನ್ನ ಕರ್ಕೊಂಡ್ ಹೋಗ್ತಿರೋದು. ಸುಮ್ನೆ ಗಾಡಿ ಓಡಿಸಿ."

ಸ್ಟುಡಿಯೋ ಮನೆಯ ನೆಲಮಾಳಿಗೆಯಲ್ಲಿತ್ತು. ಒಂದೂ ಕಿಟಕಿಯಿಲ್ಲ. ಹೊರಕೋಣೆಯಲ್ಲಿ ಸೋಫಾ, ಯಂತ್ರಗಳ ಮೇಜು, ಮೈಕು, ಸ್ಪೀಕರು, ಒಂದು ದೊಡ್ಡ ಕೀಬೋರ್ಡು. ಅದರಾಚೆ ಗಾಜಿನ ಗೋಡೆ, ಗಾಜಿಗೆ ದಪ್ಪ ಕಪ್ಪು ಪರದೆ. ಪಕ್ಕದಲ್ಲಿ ಒಳಕೋಣೆಯ ಬಾಗಿಲು, ಅಂಗೈಯಗಲ ದಪ್ಪ. ಇನ್‌ಸ್ಪೆಕ್ಟರ್ ಒಳಗೆ ಹೋಗಿ ಪೀಪಿಯಣ್ಣನಿಗೆ ಬಾಗಿಲು ಹಾಕಲು ಹೇಳಿದಳು. ಹಾಕಿದ ಕ್ಷಣವೇ ಕಿವಿಗೆ ಹತ್ತಿ ತುರುಕಿದಂತಾಯಿತು. ಗೋಡೆಗೆಲ್ಲ ಸ್ಪಂಜು. ಒಂದು ಸಣ್ಣ ಕೀಬೋರ್ಡು, ಆರಿಸಿದ ಮೈಕು, ಎತ್ತರ ತಗ್ಗಿಸಿದ ಸ್ಟೂಲು, ಅದರ ಮೇಲೆ ಚಪ್ಪಟೆಯಾದ ದಿಂಬು, ಮೂಲೆಯಲ್ಲಿ ಮಡಿಸಿಟ್ಟ ಹೆಂಗಸರ ಶಾಲು, ನೀರಿನ ಬಾಟಲಿ. ತನ್ನದೇ ಉಸಿರು ಕೇಳಿಸತೊಡಗಿದಾಗ ಆಕೆ ಬಾಗಿಲು ತೆಗೆಯಲು ಕೈ ಚಾಚಿದಳು. ಹಿಡಿಯಲು ಏನೂ ಇರಲಿಲ್ಲ. ಹಿಡಿಕೆ ಇರಬೇಕಾದ ಜಾಗದಲ್ಲಿ ನಾಲ್ಕು ಮೊಳೆ ತೂತು, ಅವುಗಳ ಮೇಲೆ ಹಳೆಯ ಬಣ್ಣ.

ಆಕೆ ಬಾಗಿಲು ಬಡಿದಳು. ಪೀಪಿಯಣ್ಣನಿಗೆ ಕೇಳಿಸಲಿಲ್ಲ. ಅವನಿಗೇ ಅನುಮಾನ ಬಂದು ತೆಗೆದಾಗ ಆಕೆಯ ಹಣೆಯಲ್ಲಿ ಬೆವರಿತ್ತು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಆದರೂ ಆಕೆಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಪಂಚರನ್ನು ಕರೆಸಿ ಪಂಚನಾಮೆ ಶುರುವಾಯಿತು. ಹೊರಚಿಲಕ ದಿನಾ ಕೈಯಾಡಿ ನುಣ್ಣಗೆ ಹೊಳೆಯುತ್ತಿತ್ತು, ಅದರ ಮೇಲಿನ ಬೆರಳಚ್ಚು ತೆಗೆದುಕೊಂಡರು. ಕಸದ ಬುಟ್ಟಿಯಲ್ಲಿ ಹೊಚ್ಚ ಹೊಸ ಬಾಗಿಲ ಹಿಡಿಕೆಯೊಂದು ಪ್ಲಾಸ್ಟಿಕ್ ಹೊದಿಕೆ ಸಮೇತ ಬಿದ್ದಿತ್ತು. ಅದನ್ನೂ ಜಪ್ತಿ ಮಾಡಿದರು. ಅಷ್ಟರಲ್ಲಿ ವೈರಣ್ಣ ತಾನಾಗಿಯೇ ಕೆಲಸಕ್ಕೆ ಬಂದ. ಪೊಲೀಸರನ್ನು ಕಂಡು ಮೆಟ್ಟಿಲ ಮೇಲೇ ನಿಂತುಬಿಟ್ಟ.

"ಬನ್ನಿ ಬನ್ನಿ, ನಿಮಗೇ ಕಾಯ್ತಿದ್ವಿ. ಈ ಡಬ್ಬ ಏನು?" ಮೇಜಿನ ಮೇಲೊಂದು ಯಂತ್ರದಲ್ಲಿ ಕೆಂಪು ದೀಪ ಮಿಣುಕುತ್ತಿತ್ತು.

"ಸೀಕ್ವೆನ್ಸರ್ ಮೇಡಂ. ನುಡಿಸಿದ್ದನ್ನ ಇಟ್ಕೊಳ್ಳೋದು."

"ಟೇಪ್ ರೆಕಾರ್ಡರ್ ಥರಾನಾ?"

"ಅಲ್ಲ. ಇದರೊಳಗೆ ಸದ್ದೇ ಇರಲ್ಲ. ಯಾವ ಕೀ ಒತ್ತಿದ್ರು, ಯಾವಾಗ ಒತ್ತಿದ್ರು, ಎಷ್ಟು ಜೋರಾಗಿ ಒತ್ತಿದ್ರು, ಯಾವಾಗ ಬೆರಳೆತ್ತಿದ್ರು. ಇಷ್ಟೇ. ಬೆರಳಿನ ಲೆಕ್ಕ. ಆಮೇಲೆ ಆ ಲೆಕ್ಕ ನೋಡಿ ಕೊಳಲು ಅಂದ್ರೆ ಕೊಳಲು, ಪಿಟೀಲು ಅಂದ್ರೆ ಪಿಟೀಲು ನುಡಿಸುತ್ತೆ."

"ಒಳಗೆ ಯಾರಾದ್ರೂ ಕೂಗಿಕೊಂಡ್ರೆ?"

"ಕೂಗು ಇದಕ್ಕೆ ಕೇಳಿಸಲ್ಲ ಮೇಡಂ. ಬೆರಳು ಮಾತ್ರ."

"ಎರಡು ಕೀಬೋರ್ಡೂ ಇದಕ್ಕೇ ಸೇರಿದಾವಾ?"

"ಹೌದು. ಒಳಗಿಂದು ಒಂದನೇ ಸಾಲು, ಹೊರಗಿಂದು ಎರಡನೇ ಸಾಲು. ಎರಡರ ಸದ್ದೂ ಹೊರಗಿನ ಸ್ಪೀಕರಲ್ಲೇ ಬರುತ್ತೆ."

ಇಷ್ಟು ಹೇಳಿದ ಮೇಲೆ ಅವನು ಏನನ್ನೋ ನೆನೆಸಿಕೊಂಡವನಂತೆ ಬಾಯಿ ಮುಚ್ಚಿದ. ಮಾಸ್ಟರನ ತಂಗಿ ಒಂದು ತಟ್ಟೆಯಲ್ಲಿ ಎಲ್ಲರಿಗೂ ನೀರು ತಂದಳು. ನಲವತ್ತರ ಹತ್ತಿರದ ಹೆಂಗಸು, ಮನೆಯಲ್ಲಿ ಇನ್ನೂ ಪುಟ್ಟಿ. ವೈರಣ್ಣನ ಕಡೆ ಅವಳು ನೋಡಲಿಲ್ಲ. ಅವನೂ ನೆಲ ನೋಡುತ್ತಿದ್ದ.

"ನಿನ್ನೆ ಸಂಜೆ ಎಲ್ಲಿದ್ರಿ ನೀವು?" ಇನ್‌ಸ್ಪೆಕ್ಟರ್ ಅವಳನ್ನು ಕೇಳಿದಳು.

"ಮೇಲೆ. ಅಣ್ಣ ಕೆಲಸದಲ್ಲಿದಾನೆ ಅಂದ್ಕೊಂಡೆ."

"ಊಟಕ್ಕೆ ಬರ್ಲಿಲ್ಲ ಅಂತ ನೋಡ್ಲಿಲ್ವಾ?"

"ಕೆಲಸದ ಮಧ್ಯೆ ಬಾಗಿಲು ತೆಗೆಯೋ ಹಾಗಿಲ್ಲ ಈ ಮನೇಲಿ."

ಆಸ್ಪತ್ರೆಯಲ್ಲಿ ಮಾಸ್ಟರ್ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮಲಗಿದ್ದ. ಎರಡೂ ಮುಷ್ಟಿಗಳ ಅಂಚು ನೀಲಿಗಟ್ಟಿತ್ತು.

"ನಾನು ಒಳಗೆ ಕೂತು ನುಡಿಸ್ತಿದ್ದೆ. ವೈರಣ್ಣ ಬಾಗಿಲು ಹಾಕ್ದ. ಬಡಿದೆ, ಕೂಗಿದೆ, ಕೀಬೋರ್ಡನ್ನೂ ಗುದ್ದಿದೆ. ತೆಗೀಲಿಲ್ಲ."

"ಬಾಗಿಲಿಗೆ ಒಳಗಡೆ ಹಿಡಿಕೆ ಯಾಕಿಲ್ಲ?"

"ಮುರಿದುಹೋಗಿತ್ತು. ಹಾಕಿಸ್ಬೇಕಿತ್ತು."

"ಹೊಸದು ಕಸದ ಬುಟ್ಟೀಲಿತ್ತಲ್ಲ?"

ಮಾಸ್ಟರನಿಗೆ ಕೆಮ್ಮು ಬಂತು. ನರ್ಸು ಬಂದು ಸಾಕು ಎಂದಳು. ಹೊರಗೆ ಬಂದ ಇನ್‌ಸ್ಪೆಕ್ಟರಿಗೆ ಮೇಲಿನ ಸಾಹೇಬರ ಫೋನು ಕಾದಿತ್ತು. ಗಾಯಾಳುವೇ ಹೆಸರು ಹೇಳಿದ್ದಾನೆ, ಆರೋಪಿ ಬೆದರಿಕೆ ಹಾಕಿದ್ದಕ್ಕೆ ಸಾಕ್ಷಿ ಇದೆ, ಚಿಲಕದ ಮೇಲೆ ಅವನ ಬೆರಳಚ್ಚಿದೆ, ಇನ್ನೇನು ಬೇಕು ನಿಮಗೆ, ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಿ ಎಂದರು ಅವರು. ಆಕೆ "ಆಯ್ತು ಸರ್" ಎಂದಳು. ಬೇರೆ ಏನು ಹೇಳುವುದು? ವೈರಣ್ಣನನ್ನು ಬಂಧಿಸಿದರು.

ಬಂಧಿಸಿದರೂ ಆಕೆಯ ಮನಸ್ಸು ಒಪ್ಪಲಿಲ್ಲ. ಸಂಜೆ ಅವನನ್ನು ಎದುರಿಗೆ ಕೂರಿಸಿಕೊಂಡಳು.

"ಬುಧವಾರದ ಜಗಳ ಯಾವುದಕ್ಕೆ?"

"ಹ್ಯಾಂಡಲ್‌ಗೆ ಮೇಡಂ. ನಾನೇ ತಂದಿದ್ದೆ, ಹೊರಗಿನ ಚಿಲಕ ಒಳಗಡೆಯಿಂದಲೂ ತೆಗೆಯೋ ಹಾಗೆ ಹಾಕೋಣ ಅಂತ. ಮಾಸ್ಟರ್ ಬಿಸಾಕಿದ್ರು."

"ಯಾರಿಗೋಸ್ಕರ ತಂದಿದ್ರಿ?"

ವೈರಣ್ಣ ಸುರುಳಿಯಿಲ್ಲದ ಖಾಲಿ ಹೆಗಲನ್ನು ತಡವಿಕೊಂಡ.

"ನಿನ್ನೆ ಎಷ್ಟೊತ್ತಿಗೆ ಹೊರಟ್ರಿ?"

"ಆರಕ್ಕೆ. ಮನೇಗೆ ಹೋದೆ. ಒಬ್ಬನೇ ಇರೋದು, ಸಾಕ್ಷಿ ಯಾರೂ ಇಲ್ಲ."

"ನೋಡಿ ವೈರಣ್ಣ, ನಾಳೆ ಮಧ್ಯಾಹ್ನ ನೀವು ಕೋರ್ಟಲ್ಲಿರ್ತೀರಿ. ಅಲ್ಲಿಂದ ಜೈಲು. ಕೊಲೆಯತ್ನ ಅಂದ್ರೆ ಹುಡುಗಾಟ ಅಲ್ಲ. ಗೊತ್ತಿರೋದನ್ನ ಹೇಳಿಬಿಡಿ."

"ಗೊತ್ತಿರೋದೆಲ್ಲ ಹೇಳೋದಕ್ಕೆ ಆಗಲ್ಲ ಮೇಡಂ. ಮಾತು ಕೊಟ್ಟಿದೀನಿ."

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗಿದ್ದ ಅವನು. ಹೇಳಿದರೆ ಯಾರಿಗೋ ಕೊಟ್ಟ ಮಾತು ಮುರಿಯುತ್ತದೆ, ಹೇಳದಿದ್ದರೆ ತನ್ನ ಕತ್ತು. ಆಕೆ ಮತ್ತೆ ಒತ್ತಾಯಿಸಲಿಲ್ಲ. ಜಪ್ತಿಯಾದ ಸೀಕ್ವೆನ್ಸರನ್ನು ತನ್ನ ಮೇಜಿಗೆ ತರಿಸಿದಳು.

ಬೆಳಗಿನಿಂದ ನುಡಿಸುವುದಕ್ಕೆ ಬೆರಳು ತುರಿಸುತ್ತಿದ್ದ ಪೀಪಿಯಣ್ಣ ಗುಂಡಿ ಒತ್ತಿದ. ಗುರುವಾರದ ದಾಖಲೆ ತೆರೆಯಿತು. ಪರದೆಯ ಮೇಲೆ ಎರಡು ಸಾಲು. ಒಂದನೇ ಸಾಲಿನಲ್ಲಿ ಅಕ್ಕಪಕ್ಕದ ಏಳೆಂಟು ಕೀಗಳು ಒಟ್ಟೊಟ್ಟಿಗೆ ಬಿದ್ದಿದ್ದವು, ಪ್ರತಿಯೊಂದರ ಮುಂದೆಯೂ ನೂರ ಇಪ್ಪತ್ತೇಳು ಎಂಬ ಅಂಕಿ.

"ಇದಕ್ಕಿಂತ ಜೋರು ಇದರಲ್ಲಿ ಇಲ್ಲ ಮೇಡಂ. ಮುಷ್ಟೀಲಿ ಗುದ್ದಿರೋದು." ಅವನ ಧ್ವನಿಯಲ್ಲಿನ ತಮಾಷೆ ಹೋಗಿತ್ತು. ಕೆಳಗೆ ಹೋಗುತ್ತ ಅಂಕಿಗಳು ಸಣ್ಣಗಾದವು. ತೊಂಬತ್ತು, ಅರವತ್ತು, ಮೂವತ್ತು. ಕೊನೆಕೊನೆಗೆ ಒಂದೇ ಕೀ, ಹದಿನೈದು. ಉಸಿರು ಕಟ್ಟಿದ ಮನುಷ್ಯ ಬರೀ ಬೆರಳನ್ನು ಅಲ್ಲಿ ಇಟ್ಟಿದ್ದ.

"ಎರಡನೇ ಸಾಲು?"

ಪೀಪಿಯಣ್ಣ ಧ್ವನಿ ಏರಿಸಿದ. ಪಿಯಾನೊ. ಸಂಗೀತ ಗೊತ್ತಿಲ್ಲದ ಇನ್‌ಸ್ಪೆಕ್ಟರೂ ಕುರ್ಚಿಯಲ್ಲಿ ಮುಂದಕ್ಕೆ ಬಂದಳು. ಒಳಗಿನಿಂದ ಗುದ್ದು ಬಿದ್ದಾಗೆಲ್ಲ ಹೊರಗಿನ ಕೈ ಆ ಗುದ್ದನ್ನೇ ತಾಳ ಮಾಡಿಕೊಂಡು ಮೇಲೊಂದು ರಾಗ ಕಟ್ಟುತ್ತಿತ್ತು. ಗುದ್ದು ನಿಂತರೆ ಅದೂ ನಿಲ್ಲುತ್ತಿತ್ತು. ಕಾಯುತ್ತಿತ್ತು. ಮತ್ತೆ ಗುದ್ದು ಬಿದ್ದರೆ ಮತ್ತೆ ಶುರು.

"ಹಳೇದನ್ನ ಹಾಕಿಬಿಟ್ಟಿರಬಹುದಾ?"

"ಇಲ್ಲ. ಹಳೇದಕ್ಕೆ ಇವನು ಯಾವಾಗ ಗುದ್ದುತಾನೆ ಅಂತ ಹೆಂಗ್ ಗೊತ್ತಾಗುತ್ತೆ? ಯಾರೋ ಹೊರಗೆ ಕೂತು ಕೇಳಿಸ್ಕೊಂಡು ನುಡಿಸಿದಾರೆ. ಅದೂ ಅಂತಿಂಥ ಕೈಯಲ್ಲ."

"ವೈರಣ್ಣನಿಗೆ ನುಡಿಸೋಕೆ ಬರುತ್ತಾ?"

"ಅವನ ಬೆರಳು ನೋಡಿದ್ರಾ? ಒಂದ್ ಕೀ ಒತ್ತಿದ್ರೆ ಮೂರು ಬೀಳುತ್ತೆ."

ಹಾಗಾದರೆ ಆ ಮನೆಯಲ್ಲಿ ಇನ್ನೊಬ್ಬರು ಕಲಾವಿದರಿದ್ದಾರೆ. ಆಕೆಗೆ ಒಂದು ಯೋಚನೆ ಬಂತು. ಮಾಸ್ಟರನ ಹಳೆಯ ಹಾಡುಗಳೂ ಅದೇ ಯಂತ್ರದಲ್ಲಿದ್ದವು. ಒಂದೊಂದಾಗಿ ತೆಗೆಸಿದಳು. ಜಾಹೀರಾತು, ನಾಟಕ, ಬಹುಮಾನ ಬಂದ ಹಾಡು. ಪ್ರತಿಯೊಂದೂ ಒಂದನೇ ಸಾಲಿನಲ್ಲಿತ್ತು. ಎರಡನೇ ಸಾಲು ಎಲ್ಲದರಲ್ಲೂ ಖಾಲಿ.

"ಪೀಪಿಯಣ್ಣ, ಮಾಸ್ಟರ್ ನುಡಿಸೋದನ್ನ ಜನ ಎಲ್ಲಿ ನೋಡ್ತಿದ್ರು?"

"ಹೊರಕೋಣೇಲಿ. ಸೋಫಾದ ಮೇಲೆ ಕೂತು ನೋಡ್ತಿದ್ರಂತೆ, ಮಾಸ್ಟರ್ ಕೈ ಹೆಂಗೆ ಓಡುತ್ತೆ ಅಂತ..." ಅವನು ಅರ್ಧಕ್ಕೆ ನಿಲ್ಲಿಸಿದ.

"ಹೊರಗಿನ ಕೀಬೋರ್ಡಿಂದು ಎರಡನೇ ಸಾಲು. ಅದು ಖಾಲಿ. ಮಾಸ್ಟರ್ ಹೊರಗೆ ಆಫ್ ಮಾಡಿದ ಕೀಬೋರ್ಡಿನ ಮೇಲೆ ಕೈ ಆಡಿಸ್ತಿದ್ದ. ನುಡಿಸ್ತಿದ್ದೋರು ಒಳಗಿದ್ರು, ಪರದೆ ಹಿಂದೆ. ಇಷ್ಟು ವರ್ಷ ಸಂಗೀತ ಒಳಗಿಂದ ಬಂದಿದೆ. ನಿನ್ನೆ ಒಂದಿನ ಮಾತ್ರ ಹೊರಗಿಂದ ಬಂದಿದೆ."

ಪೀಪಿಯಣ್ಣ ತುಸು ಹೊತ್ತು ಅಂಕಿಗಳನ್ನೇ ನೋಡುತ್ತಿದ್ದ. ಆಮೇಲೆ ಮೇಜಿನ ಮೇಲೆ ಬಲಗೈ ಐದೂ ಬೆರಳನ್ನು ಸಾಲಾಗಿ ಬಡಿದು ತೋರಿಸಿದ. "ಇನ್ನೊಂದ್ ವಿಷಯ ಇದೆ ಮೇಡಂ. ಹೆಬ್ಬೆರಳು ಎಂಬತ್ತು, ತೋರುಬೆರಳು ಎಂಬತ್ತೆರಡು, ನಡುಬೆರಳು ಎಂಬತ್ತು, ಉಂಗುರದ ಬೆರಳು ಮೂವತ್ತು, ಕಿರುಬೆರಳು ಎಪ್ಪತ್ತೊಂಬತ್ತು. ಐದು ಸ್ವರದ ಓಟ ಬಂದಲ್ಲೆಲ್ಲ ನಾಲ್ಕನೇದು ಬಿದ್ದುಹೋಗುತ್ತೆ. ಹಳೇ ಹಾಡಲ್ಲೂ ಹಾಗೇ, ನಿನ್ನೇದರಲ್ಲೂ ಹಾಗೇ."

"ಮಾಸ್ಟರ್ ಇದನ್ನ ಸರಿಪಡಿಸ್ಲಿಲ್ವಾ?"

"ತಾಳ ತಿದ್ದಿಸಿದಾನೆ. ಹಿಂದೆ ಮುಂದೆ ಬಿದ್ದ ಸ್ವರವನ್ನೆಲ್ಲ ಈ ಯಂತ್ರ ಎಳೆದು ಗೆರೆ ಮೇಲೆ ಕೂರಿಸುತ್ತೆ. ಆದ್ರೆ ಜೋರು ಎಷ್ಟಿತ್ತೋ ಅಷ್ಟೇ ಇರುತ್ತೆ. ಅದು ಅವನ ಕಿವಿಗೆ ಬಿದ್ದೇ ಇಲ್ಲ. ಬೀಳೋ ಕಿವಿ ಇದ್ದಿದ್ರೆ ಅವನೇ ನುಡಿಸ್ತಿದ್ನಲ್ಲ."

ಇನ್‌ಸ್ಪೆಕ್ಟರಿಗೆ ಬೆಳಿಗ್ಗೆ ಪುಟ್ಟಿ ತಂದ ನೀರಿನ ತಟ್ಟೆ ಕಣ್ಣಿಗೆ ಕಟ್ಟಿತು. ತಟ್ಟೆಯ ಕೆಳಗೆ ಮಡಚದೆ ಕಡ್ಡಿಯ ಹಾಗೆ ನಿಂತಿದ್ದ ಒಂದು ಬೆರಳು. ಆಗ ಅದನ್ನು ನೋಡಿಯೂ ನೋಡಿರಲಿಲ್ಲ. ತನ್ನ ಮೇಲೆ ತನಗೇ ಬೇಜಾರಾಯಿತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಆಸ್ಪತ್ರೆ. ಮಾಸ್ಟರ್ ಎದ್ದು ಕೂತಿದ್ದ.

"ಬಹುಮಾನ ಬಂದ ಹಾಡು ನೀವೇ ನುಡಿಸಿದ್ದಾ?"

"ಇದೆಂಥ ಪ್ರಶ್ನೆ ಮೇಡಂ? ಊರಿಗೇ ಗೊತ್ತಿದೆ."

"ನಿಮ್ಮ ಬಲಗೈ ಉಂಗುರದ ಬೆರಳಿಗೆ ಏನಾಗಿದೆ?"

"ಏನೂ ಆಗಿಲ್ಲ." ಕೈ ಮುಂದೆ ಚಾಚಿ ತೋರಿಸಿದ, ಬೆರಳು ಮಡಚಿ ಬಿಡಿಸಿದ. ಆಮೇಲೆ ಯಾಕೆ ಕೇಳಿದಳೆಂದು ಹೊಳೆದು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.

"ಆ ಹಾಡು ನುಡಿಸಿದವರ ಬೆರಳಿಗೆ ಆಗಿದೆ. ಗುರುವಾರ ಹೊರಗೆ ಕೂತಿದ್ದೂ ಅವರೇ. ನಿಮಗೆ ಮೊದಲಿಂದ ಗೊತ್ತು. ವೈರಣ್ಣನ ಹೆಸರು ಯಾಕೆ ಹೇಳಿದ್ರಿ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ತಂಗಿಯ ಹೆಸರು ಹೇಳಿದರೆ ಹಾಡುಗಳೆಲ್ಲ ತಂಗಿಯವು ಎಂದು ಒಪ್ಪಬೇಕು. ಅದಕ್ಕಿಂತ ನಿರಪರಾಧಿಯೊಬ್ಬ ಜೈಲಿಗೆ ಹೋಗುವುದೇ ಅವನಿಗೆ ಹಗುರವಾಗಿ ಕಂಡಿತ್ತು. ಇನ್‌ಸ್ಪೆಕ್ಟರಿಗೆ ಅವನನ್ನು ನೋಡಿ ಕನಿಕರ ಬರಬೇಕಿತ್ತು. ಬರಲಿಲ್ಲ.

"ನಾಳಿದ್ದು ಒಂದು ರೆಕಾರ್ಡಿಂಗ್ ಇದೆ," ಎಂದ ಅವನು ಗೋಡೆಗೇ. "ಅದಾದ ಮೇಲೆ ನೋಡೋಣ ಮೇಡಂ."

ಒಂಬತ್ತೂಕಾಲಿಗೆ ಮಹಿಳಾ ಪೇದೆಯ ಜೊತೆ ಮನೆ ತಲುಪಿದಾಗ ಪುಟ್ಟಿ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅತ್ತಿಗೆ ಬಾಗಿಲಲ್ಲೇ "ಅವಳಿಗೇನೂ ಗೊತ್ತಿಲ್ಲ" ಎಂದು ಅಡ್ಡ ನಿಂತಳು.

"ವೈರಣ್ಣನನ್ನ ಇವತ್ತು ಕೋರ್ಟಿಗೆ ಕರ್ಕೊಂಡ್ ಹೋಗ್ತಾರೆ," ಎಂದಳು ಇನ್‌ಸ್ಪೆಕ್ಟರ್, ಅತ್ತಿಗೆಯ ಭುಜದಾಚೆ ನೋಡುತ್ತ. "ಅವರು ಯಾರ ಹೆಸರೂ ಹೇಳಿಲ್ಲ. ಹೇಳೋದೂ ಇಲ್ಲ."

ಪುಟ್ಟಿ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು.

"ಅವರನ್ನ ಬಿಟ್ಬಿಡಿ. ಚಿಲಕ ಹಾಕಿದ್ದು ನಾನು."

"ಪುಟ್ಟೀ," ಎಂದಳು ಅತ್ತಿಗೆ.

"ಸಾಕು ಅತ್ತಿಗೆ. ಅಣ್ಣ ಉಳಿದ್ನಲ್ಲ, ಸಾಕು ಅಂತ ಸುಮ್ಮನಿದ್ದೆ. ಇನ್ನೊಬ್ಬರು ನನ್ನ ಬದಲು ಒಳಗೆ ಕೂರೋದು ಬೇಡ. ಕೂತ್ರೆ ಹೆಂಗಿರುತ್ತೆ ಅಂತ ನಂಗೊತ್ತು."

ಹೇಳಿಕೆಯನ್ನು ಅಡಿಗೆಮನೆಯ ಮಣೆಯ ಮೇಲೆ ಕೂತೇ ಬರೆದುಕೊಂಡರು. ಹುಡುಗಿಯಾಗಿದ್ದಾಗಲೇ ಅಣ್ಣ ಅವಳನ್ನು ಆ ಕೋಣೆಯಲ್ಲಿ ಕೂರಿಸಿದ್ದ. ಗಿರಾಕಿಗಳು ಬಂದಾಗ ಅವಳು ಹೊರಗೆ ಬಂದುಬಿಟ್ಟರೆ ಎಂದು ಹಿಡಿಕೆ ಕಿತ್ತ. ಒಮ್ಮೆ ಅವಳು ಓಡಿ ಬರಲು ನೋಡಿದಾಗ ಅವನು ಬಾಗಿಲು ಎಳೆದ. ಬೆರಳು ಸಂದಿಯಲ್ಲಿತ್ತು.

"ಅವನು ಹೊರಗೆ ಕೂತು ಮೈಕಲ್ಲಿ ಒಂದೇ ಮಾತು ಹೇಳ್ತಿದ್ದ. ಇನ್ನೊಂದ್ ಸಲ. ಚೆನ್ನಾಗಿ ಬಂದ್ರೂ ಇನ್ನೊಂದ್ ಸಲ, ಹಸಿವಾದ್ರೂ ಇನ್ನೊಂದ್ ಸಲ. ಇತ್ತೀಚೆಗೆ ನಂಗೂ ಉಸಿರು ಕಟ್ಟೋಕೆ ಶುರುವಾಯ್ತು. ಹ್ಯಾಂಡಲ್ ಒಂದು ಹಾಕಿಸು, ನಾನು ಓಡಿಹೋಗಲ್ಲ, ಬಾಗಿಲು ತೆಗೆಯುತ್ತೆ ಅಂತ ಗೊತ್ತಿದ್ರೆ ಸಾಕು ಅಂದೆ. ವೈರಣ್ಣ ತಂದ್ರು. ಇವನು ಬಿಸಾಕ್ದ."

"ಗುರುವಾರ ಏನಾಯ್ತು?"

"ಮತ್ತೆ ಕೇಳ್ದೆ. ಅದರಲ್ಲಿ ಭಯ ಬೀಳೋದು ಏನಿದೆ, ನೋಡು ಅಂತ ತಾನೇ ಒಳಗೆ ಹೋಗಿ ಸ್ಟೂಲ್ ಮೇಲೆ ಕೂತ. ನಾನು ಬಾಗಿಲು ಹಾಕ್ದೆ. ಅಷ್ಟೇ. ಚಿಲಕ ಒರೆಸಬೇಕು, ಓಡಿಹೋಗಬೇಕು ಅಂತೆಲ್ಲ ಹೊಳೀಲಿಲ್ಲ. ಕೀಬೋರ್ಡ್ ಮುಂದೆ ಕೂತ್ರೆ ಮೊದಲು ರೆಕಾರ್ಡ್ ಮಾಡೋ ಕೆಂಪು ಗುಂಡಿ, ಆಮೇಲೆ ಕೈ. ಅವನೇ ಕಲಿಸಿದ್ದು. ಒತ್ತಿದೆ."

"ಅವರು ಗುದ್ದುತಿದ್ರೆ ನೀವು ಯಾಕೆ ನುಡಿಸಿದ್ರಿ?"

"ಅವನ ತಾಳ ಯಾವತ್ತೂ ಸರಿ ಇರಲ್ಲ. ಸರಿ ಮಾಡೋದು ಅಭ್ಯಾಸ ಆಗಿಬಿಟ್ಟಿದೆ."

"ಆಮೇಲಾದ್ರೂ ತೆಗೀಬಹುದಿತ್ತಲ್ಲ?"

"ತೆಗೀಬೇಕು ಅಂತಾನೇ ಎದ್ದೆ. ಒಳಗಿನ ಮೈಕಲ್ಲಿ ಅವನ ಧ್ವನಿ ಬಂತು. ತಪ್ಪಾಯ್ತು ಅಂತಾನೇನೋ ಅಂದ್ಕೊಂಡೆ. ಸೋಮವಾರ ರೆಕಾರ್ಡಿಂಗ್ ಇದೆ, ತೆಗಿ ಅಂದ. ನಾನು ಹೊರಗಿನ ಮೈಕಿನ ಗುಂಡಿ ಒತ್ತಿ, ಇನ್ನೊಂದ್ ಸಲ ಅಂದೆ. ಎಲ್ಲ ಸೇವ್ ಮಾಡಿ ಮೇಲೆ ಹೋಗಿ ಮಲಗಿದೆ. ನಿದ್ದೆ ಬಂತು ಮೇಡಂ. ಅದೇ ನಂಗೆ ಈಗ ಹೆದರಿಕೆ."

ಬಂಧನದ ವಿವರ ಓದಿ ಹೇಳಿದರು. ಪುಟ್ಟಿ ಸಹಿ ಹಾಕಿದಳು. ಕಟ್ಟಿಕೊಂಡ ಗಂಡನಿಗಾಗಿ ಇಷ್ಟು ವರ್ಷ ಕಣ್ಣು ಮುಚ್ಚಿ ಕೂತಿದ್ದ ಅತ್ತಿಗೆ ಒಳಗಿನಿಂದ ಶಾಲು ತಂದು ಅವಳ ಕೈಗೆ ಕೊಟ್ಟಳು.

ಹನ್ನೊಂದಕ್ಕೆ ವೈರಣ್ಣನ ಬಿಡುಗಡೆಗೆ ಬೇಕಾದ ವರದಿ ಸಿದ್ಧವಾಯಿತು. ಅವನು ಅದನ್ನು ಕೇಳಿ ಖುಷಿಪಡಲಿಲ್ಲ. "ಆ ಹ್ಯಾಂಡಲ್ ವಾಪಸ್ ಕೊಡ್ತೀರಾ?" ಎಂದು ಕೇಳಿದ. ಕೇಸು ಮುಗಿಯುವವರೆಗೆ ಕೊಡಲಾಗುವುದಿಲ್ಲ ಎಂದು ಪೀಪಿಯಣ್ಣ ಹೇಳಿದ. ಇನ್‌ಸ್ಪೆಕ್ಟರ್ ಇನ್ನೊಂದು ಎಫ್‌ಐಆರ್ ಬರೆಯಲು ಕೂತಳು, ಈ ಸಲ ಮಾಸ್ಟರನ ಮೇಲೆ. ಸಾಹೇಬರ ಫೋನು ಎರಡು ಸಲ ಬಂತು. ಎತ್ತಲಿಲ್ಲ.

ಬರೆಯುತ್ತಿದ್ದಾಗ ಹಿಂದಿನ ಕೋಣೆಯಿಂದ ಸಣ್ಣ ಸದ್ದು ಕೇಳಿಸಿತು. ಮರದ ಬೆಂಚಿನ ಮೇಲೆ ಬೆರಳುಗಳ ಬಡಿತ. ಮೂರು ಜೋರು, ಒಂದು ಮೆಲ್ಲಗೆ, ಮತ್ತೊಂದು ಜೋರು. ಸಂಗೀತದ ಗಂಧಗಾಳಿಯಿಲ್ಲದ ಆಕೆಗೂ ಅದು ಯಾರದೆಂದು ತಿಳಿಯಿತು. ಎದ್ದು ಹೋಗಿ ಸರಳುಗಳ ಈಚೆ ನಿಂತಳು. ಅಲ್ಲಿಯೂ ಚಿಲಕ ಹೊರಗೇ ಇತ್ತು.

"ಏನಾದ್ರೂ ಬೇಕಾ?"

ಪುಟ್ಟಿ ತಲೆಯೆತ್ತಿದಳು. ಬೆರಳುಗಳು ನಿಲ್ಲಲಿಲ್ಲ.

"ಏನೂ ಬೇಡ ಮೇಡಂ. ಇಲ್ಲಿ ಯಾರೂ ಇನ್ನೊಂದ್ ಸಲ ಅನ್ನಲ್ಲ ಅಲ್ವಾ?"

"ಇಲ್ಲ," ಎಂದಳು ಇನ್‌ಸ್ಪೆಕ್ಟರ್. ಆಮೇಲೆ ಒಂದು ಕುರ್ಚಿ ತರಿಸಿಕೊಂಡು ಅಲ್ಲೇ ಕೂತಳು.